ಅಪ್ಪ ಬಂದ ಸದ್ದು

ಆ ಮನೆಯ ಗೇಟು ಇಳಿಜಾರಿನ ಮೇಲ್ತುದಿಯಲ್ಲಿತ್ತು. ರಸ್ತೆಯಿಂದ ಗಾಡಿಯನ್ನು ಒಂದೇ ಬೀಸಿಗೆ ಹತ್ತಿಸಬೇಕು. ಗೇಟು ತೆಗೆಯಲೆಂದು ಮಧ್ಯೆ ನಿಲ್ಲಿಸಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಮನೆಯ ಯಜಮಾನ ವೈರಿಂಗ್ ಕೆಲಸದವನು. ದಿನವಿಡೀ ಏಣಿ ಹತ್ತಿಳಿದು ಬಂದವನಿಗೆ ಆ ಗೇಟಿನ ಜೊತೆ ಕುಸ್ತಿ ಆಡುವಷ್ಟು ಜೀವ ಉಳಿದಿರುತ್ತಿರಲಿಲ್ಲ.

ಬೈಕಿನ ಸೈಲೆನ್ಸರ್ ಬದಲಾಯಿಸಿದ ಮೇಲೆ ಆ ತಾಪತ್ರಯ ತಪ್ಪಿತು. ಮೆಕ್ಯಾನಿಕ್ ಹಳೆಯದನ್ನು ಬಿಚ್ಚಿ, ಒಳಗೆ ಸದ್ದು ತಡೆಯುವಂಥದ್ದೇನೂ ಇಲ್ಲದ ಬೋಳು ಕೊಳವೆ ಕೂರಿಸಿಕೊಟ್ಟ. ಗಾಡಿಗೆ ಗಡಸು ದನಿ ಬಂತು. ಬೀದಿಯ ತಿರುವಿನಲ್ಲಿ ಡುಗುಡುಗು ಕೇಳಿದ ಕೂಡಲೇ ಹೆಂಡತಿ ಹೊಲಿಗೆ ಮೆಷಿನ್ ಬಿಟ್ಟು ಎದ್ದು, ಗೇಟಿನ ಎರಡೂ ಬಾಗಿಲು ತೆರೆದಿಡುತ್ತಿದ್ದಳು. ಅವನು ಬ್ರೇಕು ಮುಟ್ಟದೆ ಜುಮ್ಮನೆ ಒಳಗೆ ಬರುತ್ತಿದ್ದ. ಹೊಸಿಲ ಮೇಲೆ ಎರಡೂವರೆ ವರ್ಷದ ಪುಟ್ಟಿ ಕುಣಿಯುತ್ತಿದ್ದಳು. ಅವಳು ಮೊದಲು ಕಲಿತ ಮಾತು ಅಪ್ಪ. ಎರಡನೆಯದು ಡುಗುಡುಗು. ಅವಳ ಪಾಲಿಗೆ ಎರಡೂ ಒಂದೇ.

ಬೀದಿಯವರು ಅವನಿಗೆ ಗುಡುಗಪ್ಪ ಎಂದು ಹೆಸರಿಟ್ಟರು. ಅವನಿಗೂ ಒಳಗೊಳಗೇ ಖುಷಿಯಾಗಿತ್ತು.

ಪಕ್ಕದ ಮನೆಯಲ್ಲಿ ಆರೋಗ್ಯ ಕೇಂದ್ರದ ನರ್ಸಮ್ಮ ಇದ್ದರು. ಒಂದು ದಿನ ಬಟ್ಟೆ ಹೊಲಿಯಲು ಕೊಡಲು ಬಂದವರು, ಅಂಗಳದಲ್ಲಿ ಗಾಡಿ ಒರೆಸುತ್ತಿದ್ದ ಅವನನ್ನು ಮಾತಿಗೆಳೆದರು.

"ಏನಪ್ಪಾ, ನೀನು ನಮ್ಮ ಕೇಂದ್ರದ ಮುಂದೆ ಹೋದಾಗ ಬಿಪಿ ನೋಡೋದನ್ನೇ ನಿಲ್ಲಿಸ್ಬೇಕು. ಸ್ಟೆತಸ್ಕೋಪ್ ಇಟ್ರೆ ಪೇಶೆಂಟ್ ಬದಲು ನಿನ್ನ ಗಾಡಿ ಕೇಳುತ್ತೆ."

"ಅಷ್ಟು ಗಟ್ಟಿಯಾಗಿದೆ ಅಂದ್ರೆ ಗಾಡಿ ಆರೋಗ್ಯವಾಗಿದೆ ಅಂತ ಬರ್ಕೊಳ್ಳಿ ಅಕ್ಕ."

"ನಿನ್ನ ಕಿವಿ ಹೇಗಿದೆ? ಗಾಡಿ ನಿಲ್ಲಿಸಿದ ಮೇಲೂ ಕೊಂಯ್ ಅನ್ನುತ್ತಾ?"

"ಏನಂದ್ರಿ?"

ಹೆಂಡತಿ ಕಿಸಕ್ಕನೆ ನಕ್ಕಳು. ನರ್ಸಮ್ಮನೂ ನಕ್ಕರು, ಆದರೆ ಪೂರ್ತಿ ನಗಲಿಲ್ಲ.

"ತಮಾಷೆಯಲ್ಲ. ಕಿವಿ ಒಂದ್ಸಲ ಹಾಳಾದ್ರೆ ಸರಿ ಹೋಗೋದು ಕಷ್ಟ. ಈ ಬೀದಿಯಲ್ಲಿ ಮುದುಕರಿದ್ದಾರೆ, ಕೂಸುಗಳಿದ್ದಾವೆ."

"ಅಕ್ಕ, ಇದು ಸೇಫ್ಟಿಗೆ. ಸದ್ದು ಕೇಳಿದ್ರೆ ಜನ ತಾವಾಗೇ ಪಕ್ಕಕ್ಕೆ ಸರೀತಾರೆ."

"ಕೊಳವೆ ಬಾಯಿ ಯಾವ ಕಡೆ ಇದೆ ನೋಡು. ಹಿಂದಕ್ಕೆ. ನೀನು ದಾಟಿ ಹೋದವರಿಗೇ ಜಾಸ್ತಿ ಕೇಳೋದು. ಎದುರಿಗಿರೋರು ಸದ್ದು ಎಲ್ಲಿಂದ ಬರ್ತಿದೆ ಅಂತ ಹುಡುಕೋ ಹೊತ್ತಿಗೆ ನೀನು ಮೈಮೇಲೆ ಬಂದಿರ್ತೀಯ. ಅವರು ಕೂಗಿಕೊಂಡ್ರೆ ನಿನಗೆ ಕೇಳಲ್ಲ."

"ನಮ್ಮ ಮನೆಗೆ ಇದೇ ಕಾಲಿಂಗ್ ಬೆಲ್ ನರ್ಸಮ್ಮ," ಎಂದಳು ಹೆಂಡತಿ ಅಳತೆ ಟೇಪು ಸುತ್ತಿಡುತ್ತಾ. "ಇದು ಕೇಳಿದ್ಮೇಲೇ ನಾನು ಒಲೆ ಹಚ್ಚೋದು."

ನರ್ಸಮ್ಮ ಬೇರೆ ಮಾತೆತ್ತಿದರು.

ಅವನ ಗಾಡಿಯ ದನಿಗೆ ಮೂಲೆಮನೆಯ ಕೊರಿಯರ್‌ನವನು ಮರುಳಾದ. ಗುಡುಗಪ್ಪನೇ ಅವನನ್ನು ಅದೇ ಮೆಕ್ಯಾನಿಕ್ ಬಳಿ ಕರೆದುಕೊಂಡು ಹೋಗಿ, ಅಂಥದ್ದೇ ಕೊಳವೆ ಹಾಕಿಸಿಕೊಟ್ಟ. ಮೆಕ್ಯಾನಿಕ್ ಎರಡೂ ಗಾಡಿ ಒಟ್ಟಿಗೆ ಚಾಲೂ ಮಾಡಿ, "ಅವಳಿ ಜವಳಿ," ಎಂದ.

ಮರುದಿನ ಸಂಜೆ ಹೆಂಡತಿ ಗಿರಾಕಿಯೊಬ್ಬರ ಕೋಟಿನ ತೋಳು ಜೋಡಿಸುತ್ತಿದ್ದಳು. ಮನೆಯಲ್ಲೇ ಇರುತ್ತಿದ್ದ ಅತ್ತೆ, ಗುಡುಗಪ್ಪನ ತಾಯಿ, ಸ್ನಾನಕ್ಕೆ ಹೋಗಿದ್ದರು. ಪುಟ್ಟಿ ನೆಲದ ಮೇಲೆ ಖಾಲಿ ದಾರದುಂಡೆಗಳನ್ನು ಸಾಲಾಗಿ ನಿಲ್ಲಿಸಿ ಆಡುತ್ತಿದ್ದಳು. ತಿರುವಿನಲ್ಲಿ ಡುಗುಡುಗು ಕೇಳಿತು.

"ಅಪ್ಪ," ಎಂದಳು ಪುಟ್ಟಿ.

ಹೆಂಡತಿ ಎದ್ದು ಗೇಟು ತೆರೆದಿಟ್ಟು ಬಂದಳು. ತೋಳು ಅರ್ಧಕ್ಕೇ ನಿಂತಿತ್ತು, ಮತ್ತೆ ಮೆಷಿನ್ನಿಗೆ ಕೂತಳು. ಸದ್ದು ಹತ್ತಿರ ಬಂತು. ಗೇಟಿನ ಮುಂದೆ ಬಂತು. ಒಳಗೆ ತಿರುಗದೆ ಮುಂದಕ್ಕೆ ಹೋಯಿತು. ಏನೋ ತರಲು ಅಂಗಡಿಗೆ ಹೋಗಿರಬೇಕು, ಈಗ ಬರುತ್ತಾರೆ ಎಂದುಕೊಂಡು ಅವಳು ಪೆಡಲು ತುಳಿದಳು.

ಹೊಲಿಗೆ ಮುಗಿಸಿ ದಾರ ಕತ್ತರಿಸಿದಾಗ ಮನೆ ತೀರಾ ಸುಮ್ಮನಿತ್ತು.

"ಪುಟ್ಟಿ?"

ದಾರದುಂಡೆಗಳ ಸಾಲು ಹಾಗೇ ಇತ್ತು. ಮಂಚದ ಕೆಳಗೆ ನೋಡಿದಳು. ಅಡುಗೆಮನೆಯಲ್ಲಿ ನೋಡಿದಳು. ಬಚ್ಚಲ ಬಾಗಿಲು ಬಡಿದಳು. "ಅತ್ತೆ, ಮಗು ನಿಮ್ಮ ಹತ್ರ ಇದ್ಯಾ?"

"ಇಲ್ವಲ್ಲಮ್ಮ. ನಿನ್ನ ಹತ್ರಾನೇ ಇತ್ತಲ್ಲ."

ಅವಳು ಹೊರಗೆ ಓಡಿದಳು. ಗೇಟು ಬಾಯಿ ತೆರೆದುಕೊಂಡು ನಿಂತಿತ್ತು. ಇಳಿಜಾರಿನಲ್ಲಿ ಪುಟಾಣಿ ಚಪ್ಪಲಿ ಒಂದು ಬಿದ್ದಿತ್ತು. ಒಂದೇ.

ಅವಳು ಅದನ್ನು ಎತ್ತಿಕೊಂಡಳು. ರಸ್ತೆಗಿಳಿದು ಕೂಗಿದಳು. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಬಿಟ್ಟು ಬಂದ. ಕೆಲಸ ಮುಗಿಸಿ ಬರುತ್ತಿದ್ದ ನರ್ಸಮ್ಮ ಕೈಚೀಲ ಅಲ್ಲೇ ಇಟ್ಟು ಮೋರಿಯತ್ತ ಓಡಿದರು. ಎದುರು ಸಾಲಿನಲ್ಲಿ ಸಾಮಾನು ಇಳಿಸುವ ವ್ಯಾನೊಂದು ರಸ್ತೆಯ ಅರ್ಧಕ್ಕೆ ನಿಂತಿತ್ತು. ಮಗು ಆ ವ್ಯಾನಿನ ಮರೆಯಲ್ಲಿತ್ತು. ಕೊರಿಯರ್‌ನವನ ಗಾಡಿ ಹೋದ ದಿಕ್ಕಿಗೆ ಮುಖ ಮಾಡಿ, ಅಪ್ಪ ಯಾಕೆ ನಿಲ್ಲಲಿಲ್ಲವೆಂದು ನೋಡುತ್ತಾ ನಿಂತಿತ್ತು. ಅದು ಯಾರಿಗೂ ಕಾಣುತ್ತಿರಲಿಲ್ಲ.

ಆಗ ತಿರುವಿನಲ್ಲಿ ಮತ್ತೆ ಡುಗುಡುಗು ಕೇಳಿತು.

ಈ ಸಲ ಬಂದವನು ಗುಡುಗಪ್ಪನೇ. ರಸ್ತೆಯ ಮೇಲೆ ಮೂರು ಜನ ಕೈ ಬೀಸುತ್ತಿರುವುದು ಅವನಿಗೆ ಕಂಡಿತು. ಹೆಂಡತಿಯ ಬಾಯಿ ತೆರೆದು ಮುಚ್ಚುವುದೂ ಕಂಡಿತು. ಏನು ಹೇಳುತ್ತಿದ್ದಾರೆ ಎಂದು ಕೇಳಲಿಲ್ಲ. ಸದ್ದಿಗೆ ಬೀದಿಯವರು ಇವತ್ತು ಒಟ್ಟಾಗಿ ಬೈಯುತ್ತಿದ್ದಾರೆ ಎಂದುಕೊಂಡ. ತಮಾಷೆಗೆಂದು ಆಕ್ಸಿಲರೇಟರನ್ನು ಇನ್ನೊಂದು ಸುತ್ತು ತಿರುವಿದ.

ಆ ಗರ್ಜನೆ ವ್ಯಾನಿನ ಹಿಂದಿದ್ದ ಮಗುವಿಗೆ ಕೇಳಿತು. ಬೇರೆ ಮಕ್ಕಳಾಗಿದ್ದರೆ ಹೆದರಿ ಹಿಂದೆ ಸರಿಯುತ್ತಿದ್ದರೇನೋ. ಪುಟ್ಟಿಗೆ ಮಾತ್ರ ಆ ಸದ್ದು ಕೇಳಿದರೆ ಓಡಿ ಬರಬೇಕೆಂದು ಮನೆಯವರೆಲ್ಲ ಸೇರಿ ಕಲಿಸಿದ್ದರು. ಅವಳು ಎರಡೂ ಕೈ ಚಾಚಿಕೊಂಡು ವ್ಯಾನಿನ ಮರೆಯಿಂದ ನಡುರಸ್ತೆಗೆ ಓಡಿ ಬಂದಳು.

ಬ್ರೇಕು ಕಚ್ಚಿತು. ಗಾಡಿ ಅಡ್ಡ ತಿರುಗಿ ಬಿತ್ತು, ನೆಲಕ್ಕೆ ಉಜ್ಜಿಕೊಂಡು ಜಾರಿತು. ಅವನು ಅದರ ಹಿಂದೆಯೇ ಜಾರಿದ. ಮುಂದಿನ ಚಕ್ರ ನಿಂತಾಗ ಮಗುವಿನ ಬರಿಗಾಲಿಗೂ ಅದಕ್ಕೂ ನಡುವೆ ಒಂದು ಗೇಣು ಜಾಗವಿತ್ತು.

ಬಿದ್ದ ಗಾಡಿ ಇನ್ನೂ ಗುಡುಗುತ್ತಲೇ ಇತ್ತು. ಅವನು ತಲೆಯೆತ್ತಿ ನೋಡಿದ. ಮಗಳ ಬಾಯಿ ಅಗಲವಾಗಿ ತೆರೆದಿತ್ತು, ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು. ಅಳುತ್ತಿರುವುದು ಕಾಣುತ್ತಿತ್ತು. ಕೇಳುತ್ತಿರಲಿಲ್ಲ. ನರ್ಸಮ್ಮ ಬಗ್ಗಿ ಕೀಲಿ ತಿರುಗಿಸಿದರು.

ಆಗ ಕೇಳಿತು.

ನರ್ಸಮ್ಮ ಅಲ್ಲೇ ಕೂತು ಮಗುವಿನ ಕೈಕಾಲು, ತಲೆ, ಬೆನ್ನು ಮುಟ್ಟಿ ನೋಡಿದರು. "ಏನೂ ಆಗಿಲ್ಲಮ್ಮ. ಎತ್ಕೋ," ಎಂದರು. ಹೆಂಡತಿಗೆ ಎತ್ತಿಕೊಳ್ಳಲು ಕೈ ಬರಲಿಲ್ಲ. ಅತ್ತೆ ಒದ್ದೆ ತಲೆಯಲ್ಲೇ ಬಂದು ಎತ್ತಿಕೊಂಡರು.

ಮನೆಯೊಳಗೆ ಬಂದ ಮೇಲೆ, ತರಚಿದ್ದ ಮೊಣಕೈಗೆ ನರ್ಸಮ್ಮ ಪಟ್ಟಿ ಕಟ್ಟುತ್ತಿರುವಾಗ ಗುಡುಗಪ್ಪನ ಭಯ ಸಿಟ್ಟಾಗಿ ಹೊರಬಂತು.

"ಗೇಟ್ ಯಾಕೆ ತೆರೆದಿಟ್ಟೆ? ಮಗು ಮೇಲೆ ನಿಗಾ ಬೇಡ್ವಾ?"

"ಹೌದು, ನಾನೇ ತೆರೆದಿಟ್ಟೆ. ನೀವು ಬಂದ್ರಿ ಅಂತ ತೆರೆದೆ. ನಿಮ್ಮದೇ ಸದ್ದು ಬಂತಲ್ಲ ರೀ."

"ಅದು ಕೊರಿಯರ್‌ನವನದ್ದು."

"ನನಗೆ ಹೇಗೆ ಗೊತ್ತಾಗ್ಬೇಕು? ಅವನಿಗೆ ಹಾಕಿಸಿಕೊಟ್ಟೋರು ಯಾರು?"

ಅವನು ನರ್ಸಮ್ಮನ ಕಡೆ ತಿರುಗಿದ. "ನೀವೇ ಹೇಳಿ ಅಕ್ಕ. ತಪ್ಪು ಗೇಟಿಂದು. ಗಾಡಿ ಏನು ಮಾಡ್ತು?"

ನರ್ಸಮ್ಮ ಪಟ್ಟಿಯ ಗಂಟು ಬಿಗಿದರು. "ನಾವು ಮೂರು ಜನ ಗಂಟಲು ಹರಿದು ಹೋಗೋ ಹಾಗೆ ಕೂಗಿದ್ವಿ. ಒಂದು ಮಾತಾದ್ರೂ ಕೇಳಿಸ್ತಾ ನಿನಗೆ?"

ಅಷ್ಟರಲ್ಲಿ ಹೊರಗೆ ಡುಗುಡುಗು ಕೇಳಿತು. ಕೊರಿಯರ್‌ನವನು ವಾಪಸು ಬರುತ್ತಿದ್ದ. ಅಜ್ಜಿಯ ತೊಡೆಯ ಮೇಲಿದ್ದ ಪುಟ್ಟಿ ಬೆಚ್ಚಿ ಕೆಳಗಿಳಿದಳು. ತೆವಳಿಕೊಂಡು ಮಂಚದ ಕೆಳಗೆ ಹೋದಳು. ಗೋಡೆಗೆ ಒತ್ತಿಕೊಂಡು ಎರಡೂ ಕಿವಿ ಮುಚ್ಚಿಕೊಂಡಳು.

"ಅಪ್ಪ ಬೇಡ," ಎಂದಳು. "ಅಪ್ಪ ಬೇಡ."

ಅಪ್ಪ ಅವಳೆದುರಿಗೇ ಕೂತಿದ್ದ. ಸದ್ದು ದೂರವಾಯಿತು. ಅವನು ನೆಲದ ಮೇಲೆ ಮಲಗಿ, ಮಂಚದ ಕೆಳಗೆ ಕೈ ಚಾಚಿದ. ಮಗು ಆ ಕೈಯನ್ನು ನೋಡಿತು, ಹಿಡಿಯಲಿಲ್ಲ.

"ಅಮ್ಮ," ಎಂದ ಅವನು, ಮಲಗಿದಲ್ಲಿಂದಲೇ. "ಹಳೇ ಸೈಲೆನ್ಸರ್ ಎಲ್ಲಿಟ್ಟಿದ್ದೀಯ?"

"ತಾರಸಿ ಕುಂಡದಲ್ಲಿದೆ. ಬಳ್ಳಿ ಹಬ್ಬಿಸೋಕೆ ಊರುಗೋಲು ಮಾಡ್ಕೊಂಡಿದ್ದೀನಿ."

"ಬಳ್ಳಿಗೆ ಬೇರೆ ಕೋಲು ಕೊಡ್ತೀನಿ. ಅದನ್ನ ನನಗೆ ಕೊಡು."

ಬೆಳಿಗ್ಗೆ ಅವನು ಗಾಡಿಯನ್ನು ಚಾಲೂ ಮಾಡದೆ ಮೆಕ್ಯಾನಿಕ್ ಅಂಗಡಿಯವರೆಗೂ ತಳ್ಳಿಕೊಂಡು ಹೋದ. ಸೈಲೆನ್ಸರಿನೊಳಗೆ ಮಣ್ಣಿತ್ತು, ಒಂದು ಎರೆಹುಳವೂ ಇತ್ತು. "ಇದನ್ನ ಗಾಡಿಗೆ ಹಾಕೋದೋ, ಗೊಬ್ಬರದ ಗುಂಡಿಗೋ?" ಎಂದ ಮೆಕ್ಯಾನಿಕ್.

"ತೊಳೆದು ಹಾಕು. ಈ ಬೋಳು ಕೊಳವೆ ಬಿಚ್ಚು."

"ಗತ್ತು ಹೋಗುತ್ತೆ ಗುರುವೇ."

"ಹೋಗ್ಲಿ," ಎಂದ ಗುಡುಗಪ್ಪ, ನಡೆದದ್ದನ್ನು ಹೇಳಿದ. ಮೆಕ್ಯಾನಿಕ್ ಮತ್ತೆ ತಮಾಷೆ ಮಾಡಲಿಲ್ಲ. ಕೊರಿಯರ್‌ನವನಿಗೂ ಸುದ್ದಿ ತಲುಪಿತ್ತು. ಅವನೂ ತನ್ನ ಗಾಡಿ ತಂದು ನಿಲ್ಲಿಸಿದ.

ಈಗ ಆ ಮನೆಯ ಗೇಟು ಮುಚ್ಚಿಯೇ ಇರುತ್ತದೆ, ಚಿಲಕ ಮಗುವಿನ ಕೈಗೆಟುಕದಷ್ಟು ಮೇಲಕ್ಕೆ ಹೋಗಿದೆ. ಅವನು ಕೆಳಗೆ ರಸ್ತೆಯ ಅಂಚಿನಲ್ಲೇ ಗಾಡಿ ನಿಲ್ಲಿಸಿ, ಹತ್ತಿ ಬಂದು ಗೇಟು ತೆಗೆದು, ಮತ್ತೆ ಇಳಿದು, ಏದುಸಿರು ಬಿಡುತ್ತಾ ತಳ್ಳಿಕೊಂಡು ಬರುತ್ತಾನೆ. ಬಾಗಿಲಲ್ಲಿ ನಿಂತು ಮೆತ್ತಗೆ "ಪುಟ್ಟಿ" ಎಂದು ಕರೆಯುತ್ತಾನೆ. ಮೊದಮೊದಲು ಅವಳು ಅಜ್ಜಿಯ ಸೆರಗಿನ ಹಿಂದಿನಿಂದ ಇಣುಕುತ್ತಿದ್ದಳು. ಮೊನ್ನೆ ಅವನ ದನಿ ಕೇಳಿ ಓಡಿ ಬಂದಳು. ಅವನು ಹೊಸಿಲಲ್ಲೇ ಕುಕ್ಕರುಗಾಲಲ್ಲಿ ಕೂತು ತುಂಬ ಹೊತ್ತು ಎದ್ದೇಳಲಿಲ್ಲ.

ಅಣ್ಣಂದಿರೇ, ತಮ್ಮಂದಿರೇ, ಗಾಡಿಯ ಮೇಲೆ ನಿಮಗಿರುವ ಪ್ರೀತಿ ತಪ್ಪಲ್ಲ. ತೊಳೆಯಿರಿ, ಹೊಳೆಸಿ, ಬೇಕಾದ ಬಣ್ಣ ಬಳಿಯಿರಿ. ಅದರ ಜೊತೆ ಬಂದ ಸೈಲೆನ್ಸರನ್ನು ಮಾತ್ರ ಹಾಗೇ ಬಿಡಿ. ಈಗಾಗಲೇ ಬದಲಾಯಿಸಿದ್ದರೆ, ಹಳೆಯದು ಅಟ್ಟದಲ್ಲೋ ಕುಂಡದಲ್ಲೋ ಇದ್ದೀತು, ಈ ವಾರವೇ ಹುಡುಕಿ ಮೆಕ್ಯಾನಿಕ್ ಕೈಗೆ ಕೊಡಿ. ಅಮ್ಮಂದಿರೇ, ಅಕ್ಕಂದಿರೇ, ಸದ್ದು ಕೇಳಿತೆಂದು ಗೇಟು ತೆರೆಯಬೇಡಿ. ಮುಖ ನೋಡಿ ತೆರೆಯಿರಿ. ನಿಮ್ಮ ಬೀದಿಯಲ್ಲೂ ಒಬ್ಬ ಗುಡುಗಪ್ಪ ಇದ್ದರೆ ಜಗಳಕ್ಕೆ ಹೋಗಬೇಡಿ. ಅವನು ಗಾಡಿ ಆರಿಸಿದ ಹೊತ್ತು ನೋಡಿ, ಹತ್ತಿರ ಕೂರಿಸಿಕೊಂಡು ಈ ಕಥೆ ಓದಿ ಹೇಳಿ. ಆಗ ಅವನಿಗೆ ಕೇಳಿಸುತ್ತದೆ.