ರಾಗಿ ಕಾಳಿನಷ್ಟು ಬಿಳುಪು

ಕಣ್ಣಿನ ಕಪ್ಪಿನ ಮೇಲೆ, ಬಲಕ್ಕೆ ಒಂದಿಷ್ಟು ಸರಿದು, ರಾಗಿ ಕಾಳಿನಷ್ಟು ಬಿಳಿ ಚುಕ್ಕೆ. ಅಷ್ಟೇ. ಆ ಚುಕ್ಕೆ ಇದ್ದರೆ ಚಿತ್ರದಲ್ಲಿರುವವರು ಬದುಕಿದ್ದಾರೆ, ಇಲ್ಲದಿದ್ದರೆ ತೀರಿಕೊಂಡಿದ್ದಾರೆ. ನಮ್ಮ ಊರಿನಲ್ಲಿ ಅಕ್ಷರ ಬಾರದವರಿಗೂ ಈ ಲೆಕ್ಕ ಗೊತ್ತಿತ್ತು. ಮನೆಮನೆಯ ಗೋಡೆಯ ಮೇಲೂ ನಮ್ಮಪ್ಪ ಬರೆದ ಮುಖಗಳಿದ್ದವು. ಹೊಸದಾಗಿ ಬಂದ ಸೊಸೆಗೆ ಅತ್ತೆ ಮೊದಲು ಹೇಳಿಕೊಡುತ್ತಿದ್ದುದೇ ಇದನ್ನು, ಪಾಪದ ಹುಡುಗಿ ಸತ್ತವರ ಆರೋಗ್ಯ ವಿಚಾರಿಸಿ ಪೇಚಿಗೆ ಬೀಳಬಾರದಲ್ಲ!

ಅಪ್ಪನನ್ನು ಎಲ್ಲರೂ ಬಣ್ಣದ ಈರಾಚಾರ್ರು ಎನ್ನುತ್ತಿದ್ದರು. ನಮ್ಮ ಮನೆಯ ಪಡಸಾಲೆಯೇ ಅಂಗಡಿ. ಯಾರಾದರೂ ಚಿತ್ರ ಬರೆಸಲು ಬಂದರೆ ಅಪ್ಪ ಕೇಳುತ್ತಿದ್ದ ಮೊದಲ ಪ್ರಶ್ನೆ ಹೆಸರಲ್ಲ, ಅಳತೆಯಲ್ಲ. "ಇದ್ದಾರೋ, ಹೋದರೋ?" ಎಂದು ಕೇಳುತ್ತಿದ್ದ. ಅಮ್ಮ ಇದ್ದಷ್ಟು ದಿನವೂ ಇದಕ್ಕೆ ಸಿಡಿಮಿಡಿಗೊಳ್ಳುತ್ತಿದ್ದಳು. "ಬಂದೋರಿಗೆ ಒಂದು ಲೋಟ ನೀರು ಕೊಟ್ಟಾದ್ರೂ ಕೇಳಬಾರದಾ?" ಎಂದರೆ, "ಅದು ಗೊತ್ತಾಗೋವರೆಗೂ ನಾನು ಕುಂಚ ಮುಟ್ಟಲ್ಲ ಕಣೇ" ಎನ್ನುತ್ತಿದ್ದ ಅಪ್ಪ.

ಚುಕ್ಕೆ ಇಡುವುದಕ್ಕೆಂದೇ ಒಂದು ಬೇರೆ ಕುಂಚವಿತ್ತು. ಪಾರಿವಾಳದ ಗರಿಯ ಕಡ್ಡಿಗೆ ಅಳಿಲಿನ ಬಾಲದ ಮೂರು ಕೂದಲು ಸಿಕ್ಕಿಸಿ ಮಾಡಿದ್ದು. ಅದನ್ನು ಹಳೆಯ ಕನ್ನಡಕದ ಡಬ್ಬಿಯಲ್ಲಿಟ್ಟಿರುತ್ತಿದ್ದ. ಮನೆಯಲ್ಲಿ ಗಂಡು ದಿಕ್ಕಿಲ್ಲ, ಕುಲಕಸುಬು ಇವನಿಗೇ ಮುಗಿಯಿತು ಎಂದು ನೆಂಟರು ಲೊಚಗುಟ್ಟಿದಾಗ, "ಕುಂಚಕ್ಕೇನು ಮೀಸೆ ಇರುತ್ತಾ?" ಎಂದು ಅವರ ಬಾಯಿ ಮುಚ್ಚಿಸಿ ಆ ಕುಂಚವನ್ನು ನನ್ನ ಕೈಗೆ ಕೊಟ್ಟವನು ಅಪ್ಪ. ನನಗಾಗ ಹನ್ನೊಂದು ವರ್ಷ. ಉಸಿರು ಬಿಗಿಹಿಡಿದು ಚುಕ್ಕೆ ಇಡಬೇಕೆಂದೂ, ಎರಡೂ ಕಣ್ಣಿಗೆ ಒಂದೇ ಉಸಿರಿನಲ್ಲಿ ಇಡಬೇಕೆಂದೂ ಕಲಿಸಿದ. ಆದರೆ ಕಲಿತ ಮೇಲೆ ಆ ಕುಂಚಕ್ಕೆ ಕೆಲಸವೇ ಕಡಿಮೆ. ಬದುಕಿರುವವರ ಚಿತ್ರವನ್ನು ಯಾರು ಬರೆಸುತ್ತಾರೆ? ಎದುರಿಗಿರುವ ತನಕ ಯಾರಿಗೂ ಯಾರ ಮುಖವೂ ಬೇಕಿರುವುದಿಲ್ಲ. ಇಪ್ಪತ್ತೆಂಟು ವರ್ಷ ನಾನು ಬರೆದದ್ದೆಲ್ಲ ಹೆಚ್ಚುಕಡಿಮೆ ಹೋದವರನ್ನೇ.

ಅಪ್ಪನಿಗೆ ಮರೆವು ಬಂದದ್ದು ಬೆಕ್ಕು ಬಂದ ಹಾಗೆ, ಸದ್ದಿಲ್ಲದೆ. ಮೊದಲು ಬಣ್ಣಗಳ ಹೆಸರು ಹೋಯಿತು. ಆಮೇಲೆ ಸಂತೆಯಿಂದ ಮನೆಗೆ ಬರುವ ದಾರಿ ಹೋಯಿತು. ಅಮ್ಮ ಸತ್ತದ್ದು ಮರೆತುಹೋಗಿ ದಿನಕ್ಕೆ ನಾಲ್ಕು ಸಲ "ಎಲ್ಲೇ ನಿಮ್ಮಮ್ಮ?" ಎನ್ನುತ್ತಿದ್ದ. ನಿಜ ಹೇಳಿದರೆ ಆಗಷ್ಟೇ ಸುದ್ದಿ ಬಂದವನಂತೆ ಗೋಳೋ ಎಂದು ಅಳುತ್ತಿದ್ದ. ನೋಡಲಾಗದೆ ಕೊನೆಗೆ "ತವರಿಗೆ ಹೋಗವಳೆ, ಬರ್ತಾಳೆ" ಎಂದು ಸುಳ್ಳು ಹೇಳತೊಡಗಿದೆ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋದರೆ, ಅಪ್ಪ ಎದ್ದು ನಿಂತು ಕೈಮುಗಿದ. "ಬನ್ನಿ ತಾಯಿ, ತಾವು ಯಾರ ಪೈಕಿ? ಇದ್ದಾರೋ, ಹೋದರೋ?" ಎಂದು ಕೇಳಿದ.

ಲೋಟ ಕೆಳಗಿಟ್ಟು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನಾನು ಮಗಳು ಎಂದು ಹೇಳಿದೆ. ಅಪ್ಪ ನಂಬಲಿಲ್ಲ, ಆದರೆ ಮರ್ಯಾದಸ್ಥ ನೋಡಿ, ಅಲ್ಲವೆಂದೂ ಅನ್ನದೆ ನಕ್ಕ.

ಅಪ್ಪನ ಚಿತ್ರ ಬರೆಯಬೇಕೆಂದು ತೀರ್ಮಾನಿಸಿದ್ದು ಅದೇ ವಾರ. ಅವನ ಮುಖ ದಿನದಿನಕ್ಕೆ ಸಡಿಲವಾಗುತ್ತಿತ್ತು, ಒಳಗಿನಿಂದ ಯಾರೋ ಸಾಮಾನು ಖಾಲಿ ಮಾಡುತ್ತಿರುವ ಮನೆಯಂತೆ. ನನ್ನಪ್ಪನದೇ ಆದ ಮುಖ ಪೂರ್ತಿ ಹೋಗುವ ಮೊದಲು ಅದನ್ನು ಉಳಿಸಿಕೊಳ್ಳಬೇಕು, ನನಗಿದ್ದ ಆಸೆ ಅದೊಂದೇ. ಊರಿಗೆಲ್ಲ ಉಳಿಸಿಕೊಟ್ಟ ಮನೆಯಲ್ಲಿ ನನಗೊಂದು ಬೇಡವೇ?

ಕಿಟಕಿಯ ಪಕ್ಕ ಕೂರಿಸಿ ಇಪ್ಪತ್ತು ದಿನ ಬರೆದೆ. ಹೇಗೆ ಕೂರಬೇಕೆಂಬುದನ್ನು ಮಾತ್ರ ಅಪ್ಪ ಮರೆತಿರಲಿಲ್ಲ. ಬೆನ್ನು ನೆಟ್ಟಗೆ, ಗಲ್ಲ ಸ್ವಲ್ಪ ಕೆಳಗೆ. ನಡುನಡುವೆ "ಮೂಗು ದಪ್ಪ ಮಾಡಬೇಡಿ ತಾಯಿ, ಮನೆಯೋರು ಒಪ್ಪಲ್ಲ" ಎಂದು ಎಚ್ಚರಿಸುತ್ತಿದ್ದ. ಕೊನೆಯ ದಿನ ಕಣ್ಣು ಬರೆಯುವಾಗ ಮಾತ್ರ ಹಟ ಹಿಡಿದ.

"ನನ್ನ ಮಗಳೆಲ್ಲಿ? ಕರೀರಿ ಅವಳನ್ನ."

"ಇಲ್ಲೇ ಇದ್ದೀನಲ್ಲಪ್ಪಾ."

"ನೀವಲ್ಲ. ನನ್ನ ಮಗಳು."

ಹತ್ತು ಸಲವಾದರೂ ಕೇಳಿದ. ಬೇಗಬೇಗ ಕಣ್ಣು ಮುಗಿಸಿ, ಕುಂಚ ತೊಳೆದು, ಚಿತ್ರವನ್ನು ಒಣಗಲೆಂದು ಪಡಸಾಲೆಯ ಗೋಡೆಗೆ ಒರಗಿಸಿ ಒಳಗೆ ಹೋದೆ. ತಿರುಗಿ ಒಂದು ಸಲ ನೋಡುವ ಮನಸ್ಸೂ ಆಗಲಿಲ್ಲ. ಅಷ್ಟು ಸಿಟ್ಟು ಬಂದಿತ್ತು, ಅಷ್ಟು ಸಂಕಟವಾಗಿತ್ತು.

ಮರುದಿನ ಬೆಳಿಗ್ಗೆ ಅಪ್ಪ ಇನ್ನೂ ಮಲಗಿರುವಾಗಲೇ ಅವನ ಔಷಧಿ ತರಲು ಹೋಗಿದ್ದೆ. ವಾಪಸು ಬಂದು ಬೀದಿಯ ತಿರುವಿನಲ್ಲಿ ನೋಡಿದರೆ ನಮ್ಮ ಮನೆಯ ಮುಂದೆ ಜನವೋ ಜನ. ಗಂಡಸರು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಔಷಧಿಯ ಶೀಷೆ ಕೈಜಾರಿ ಕಲ್ಲಿನ ಮೇಲೆ ಬಿದ್ದು ಒಡೆಯಿತು.

"ಬಂದ್ಲು, ಪಾಪ. ದಾರಿ ಬಿಡ್ರಪ್ಪ" ಎಂದರು ಯಾರೋ. "ಬಿದಿರು ತರೋಕೆ ಜನ ಹೋಗವ್ರೆ, ನೀನೇನೂ ಯೋಚನೆ ಮಾಡಬೇಡ" ಎಂದರು ಇನ್ನೊಬ್ಬರು.

ಜಗುಲಿಯ ಮೇಲೆ ದ್ಯಾವೀರಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಳು. ಎದುರು ಮನೆಯ ಹೂವಿನವಳು ಅವಳು. ಅಪ್ಪ ಬರೆದ ಹೋದವರ ಚಿತ್ರಗಳಿಗೆ ಮೊದಲ ಹಾರ ಯಾವಾಗಲೂ ಅವಳ ಕೈಯದೇ, ಕೇಳದೆಯೇ ತಂದು ಹಾಕುತ್ತಿದ್ದಳು. "ಅಯ್ಯೋ ನನ್ನ ದೊರೆಯೇ! ಊರಿಗೆಲ್ಲ ಮುಖ ಉಳಿಸಿಕೊಟ್ಟೋನೇ! ನಿನ್ನ ಮುಖ ಮಣ್ಣಿಗೆ ಕೊಟ್ಟೆಯಾ!" ಎಂದು ಅವಳು ಕೂಗುತ್ತಿದ್ದಳು. ಅವಳ ಹಿಂದೆ ಗೋಡೆಗೆ ಒರಗಿದ್ದ ಚಿತ್ರಕ್ಕೆ ಸೇವಂತಿಗೆ ಹಾರ ಬಿದ್ದಿತ್ತು.

ಅಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. ಅಪ್ಪ ಹೊರಗೆ ಬಂದ.

ದೇವರೇ, ಆ ಕ್ಷಣವನ್ನು ಹೇಗೆ ಹೇಳಲಿ! ದ್ಯಾವೀರಮ್ಮನ ತೆರೆದ ಬಾಯಿ ತೆರೆದೇ ಇತ್ತು, ದನಿ ಮಾತ್ರ ನಿಂತಿತ್ತು. ಮೆಟ್ಟಿಲ ಮೇಲಿದ್ದ ಒಬ್ಬರು "ಶಿವಶಿವಾ" ಎಂದು ಹಿಂದಕ್ಕೆ ಸರಿದು ಕೆಳಗೆ ಬಿದ್ದರು. ಅಪ್ಪನಿಗೆ ಇದಾವುದೂ ವಿಶೇಷವೆನಿಸಲಿಲ್ಲ. ಅಳುವ ಜನ ಪಡಸಾಲೆಗೆ ಬರುವುದನ್ನು ಅವನು ಜೀವಮಾನವಿಡೀ ನೋಡಿದ್ದ. ಪಂಚೆ ಸರಿಮಾಡಿಕೊಂಡು ದ್ಯಾವೀರಮ್ಮನ ಮುಂದೆ ಬಾಗಿ, ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ಹೇಳಿದ.

"ಅಳಬೇಡಿ ತಾಯಿ. ಹೋದೋರನ್ನ ತರೋಕೆ ನಮ್ಮ ಕೈಲಾಗಲ್ಲ. ಮುಖ ಹೇಗಿತ್ತು ಹೇಳಿ, ಬರೆದುಕೊಡ್ತೀನಿ."

ಆಮೇಲೆ ಹಾರ ಹಾಕಿದ್ದ ಚಿತ್ರದ ಕಡೆ ತಿರುಗಿ ಬಹಳ ಹೊತ್ತು ನೋಡಿದ. "ಪಾಪ, ಒಳ್ಳೆ ಮನುಷ್ಯ ಇದ್ದ ಹಾಗೆ ಕಾಣ್ತದೆ" ಎಂದು ಕೈಮುಗಿದ.

ಯಾರೂ ನಗಲಿಲ್ಲ. ಹೋದ ಜೀವ ಬಂದಂತಾಗಿದ್ದ ನನಗೆ ಅವನು ಕೈಮುಗಿದದ್ದನ್ನು ಕಂಡು ಮೈಯೆಲ್ಲ ಬೆಂಕಿ ಹತ್ತಿತು. ನುಗ್ಗಿ ಹೋಗಿ ಹಾರ ಕಿತ್ತು ಬೀದಿಗೆ ಎಸೆದೆ. ದ್ಯಾವೀರಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ಬದುಕಿರುವವರಿಗೆ ಹಾರ ಹಾಕಿದೆಯಲ್ಲ, ನಿನ್ನ ಕಣ್ಣೇನು ಹಿಂಗಿ ಹೋಗಿತ್ತಾ, ಒಳಗೆ ಹೋಗಿ ನೋಡಲಿಕ್ಕೆ ಏನು ರೋಗ ಎಂದೆಲ್ಲ ಅಂದೆ.

"ನನ್ನ ಕಣ್ಣು ಹಾಳಾಗೋಗ್ಲಿ ತಾಯಿ" ಎಂದಳು. "ನೀನು ಬರೆದ ಕಣ್ಣು ನೋಡು."

ನೋಡಿದೆ. ಅಪ್ಪನ ಹುಬ್ಬು, ಅಪ್ಪನ ಮೂಗು, ಬಲಗೆನ್ನೆಯ ಮೇಲಿನ ಸುಟ್ಟ ಕಲೆ, ಎಲ್ಲ ಹೇಗಿರಬೇಕೋ ಹಾಗೇ ಇತ್ತು. ಕಣ್ಣುಗಳೆರಡೂ ಕಪ್ಪಗಿದ್ದವು. ಚುಕ್ಕೆ ಇರಲಿಲ್ಲ.

ಜನ ಒಬ್ಬೊಬ್ಬರಾಗಿ ಕರಗಿದರು. ನಾನು ಜಗುಲಿಯ ಮೇಲೆ ಕೂತೆ. ಕೈ ತಪ್ಪಿತು, ಹೋದವರನ್ನೇ ಬರೆದು ಬರೆದು ರೂಢಿಯಾಗಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನೊಳಗೆ ಯಾರೋ ಒಪ್ಪಲಿಲ್ಲ. ಅಪ್ಪನ ಕನ್ನಡಕವನ್ನು ಇನ್ನೇಕೆಂದು ಪೆಟ್ಟಿಗೆಯ ತಳಕ್ಕೆ ಹಾಕಿದ್ದೆನಲ್ಲ? ಅವನ ಹೊಸ ಪಂಚೆಗಳನ್ನು ಹಬ್ಬದಲ್ಲಿ ಯಾರಿಗೋ ಕೊಟ್ಟಿದ್ದೆನಲ್ಲ? ಅವನ ಮಣೆಯ ಮೇಲೆ ನನ್ನ ಬಣ್ಣದ ಡಬ್ಬಿಗಳನ್ನು ಜೋಡಿಸಿದ್ದೆನಲ್ಲ? ಸತ್ತವರ ಮನೆಯಲ್ಲಿ ಮಾಡುವ ಕೆಲಸಗಳನ್ನೆಲ್ಲ ಆರು ತಿಂಗಳ ಹಿಂದೆಯೇ ಮಾಡಿ ಮುಗಿಸಿದ್ದೆ. ಅದು ನನಗೇ ಗೊತ್ತಿರಲಿಲ್ಲ. ನನ್ನ ಕೈಗೆ ಗೊತ್ತಿತ್ತು.

ಮಧ್ಯಾಹ್ನ ಡಬ್ಬಿಯಿಂದ ಅಳಿಲ ಕೂದಲಿನ ಕುಂಚ ತೆಗೆದೆ. ಬಿಳಿ ಬಣ್ಣ ಕಲಸಿದೆ. ಉಸಿರು ಹಿಡಿದು ಕುಂಚ ಎತ್ತಿದರೆ ಕೈ ಅದುರುತ್ತಿತ್ತು. ಎರಡು ಸಲ ಎತ್ತಿ ಎರಡು ಸಲ ಇಳಿಸಿದೆ. ಅಪ್ಪ ಯಾವಾಗ ಬಂದು ಹಿಂದೆ ನಿಂತಿದ್ದನೋ ಕಾಣೆ.

"ಇದ್ದಾರೋ, ಹೋದರೋ?" ಎಂದ.

ಆ ಪ್ರಶ್ನೆ ಕೇಳಿ ಹಾವು ತುಳಿದವಳಂತೆ ಬೆಚ್ಚಿಬಿದ್ದೆ. "ಇದ್ದಾರೆ" ಎಂದೆ.

"ಇದ್ದಾರಾ? ಹಂಗಾದ್ರೆ ಚುಕ್ಕೆ ಎಲ್ಲಿ? ಯಾವ ಬಡ್ಡೀಮಗ ಬರೆದಿದ್ದು ಇದನ್ನ?"

"ನಾನೇ ಅಪ್ಪಾ. ನಿನ್ನ ಮಗಳು."

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನನ್ನ ಮಗಳಾಗಿದ್ರೆ ಇಂಥ ತಪ್ಪು ಮಾಡ್ತಿರಲಿಲ್ಲ ತಾಯಿ" ಎಂದ. ಬೈಗುಳದ ದನಿಯಲ್ಲ, ತಿಳಿಯದವರಿಗೆ ತಿಳಿಹೇಳುವ ದನಿ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ನನ್ನ ಕೈಯಿಂದ ಕುಂಚ ತೆಗೆದುಕೊಂಡ. ಅನ್ನ ಕಲಸಲಾರದ, ಗುಂಡಿ ಹಾಕಿಕೊಳ್ಳಲಾರದ ಆ ಬೆರಳುಗಳು ಕುಂಚ ಹಿಡಿದದ್ದೇ ತಡ, ನೆಟ್ಟಗೆ ನಿಂತವು. ಉಸಿರು ಬಿಗಿಹಿಡಿದ. ಬಲಗಣ್ಣಿನ ಕಪ್ಪಿನ ಮೇಲೆ ರಾಗಿ ಕಾಳಿನಷ್ಟು ಬಿಳುಪು ಕೂತಿತು. ಚಿತ್ರದ ಅಪ್ಪ ಆ ಒಂದು ಕಣ್ಣಿನಿಂದ ನನ್ನನ್ನು ನೋಡಿದ. ಸತ್ಯವಾಗಿ ಹೇಳುತ್ತೇನೆ, ನಾನು ಎದ್ದು ನಿಂತುಬಿಟ್ಟೆ.

ಎಡಗಣ್ಣಿನ ಹತ್ತಿರ ಕೈ ಹೋಯಿತು, ತಡೆಯಿತು. ಅಪ್ಪ ಉಸಿರು ಬಿಟ್ಟ.

"ಇನ್ನೊಂದು ನನ್ನ ಮಗಳಿಗಿರಲಿ" ಎಂದು ಕುಂಚವನ್ನು ನನ್ನ ಕೈಗಿಟ್ಟ. "ಬಂದ್ರೆ ಹೇಳಿ. ಅವಳ ಕೈ ಅದುರಲ್ಲ."

ಅಂದೇ ಕನ್ನಡಕ ಪೆಟ್ಟಿಗೆಯಿಂದ ಹೊರಗೆ ಬಂತು. ಮಣೆಯ ಮೇಲಿನ ಡಬ್ಬಿಗಳನ್ನು ಎತ್ತಿದೆ. ದ್ಯಾವೀರಮ್ಮನ ಮನೆಗೆ ಹೋಗಿ ಅವಳ ಕಾಲು ಹಿಡಿದೆ. ಅವಳು ತಲೆ ಸವರಿದಳು. ಅಪ್ಪ ಆಮೇಲೆ ಒಂದು ವರ್ಷ ನಾಲ್ಕು ತಿಂಗಳು ಇದ್ದ. ದಿನವೂ ಬೆಳಿಗ್ಗೆ ಚಿತ್ರದ ಮುಂದೆ ನಿಂತು "ಬಂದಳಾ?" ಎಂದು ಕೇಳುತ್ತಿದ್ದ. ನಾನು "ಇನ್ನೂ ಇಲ್ಲ" ಎನ್ನುತ್ತಿದ್ದೆ. ಚುಕ್ಕೆ ಇಡಲು ನನಗೆ ಯಾರ ಅಡ್ಡಿಯಿತ್ತು? ಆದರೂ ಇಡಲಿಲ್ಲ. ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರೆಯಲಿ, ಆಗ ಇಡುತ್ತೇನೆ ಎಂದು ಕಾದೆ. ಕರೆಯಲಿಲ್ಲ.

ಅಪ್ಪ ಹೋದ ದಿನ ಊರು ಮತ್ತೆ ನಮ್ಮ ಮನೆಯ ಮುಂದೆ ನೆರೆಯಿತು. ಚಿತ್ರ ಪಡಸಾಲೆಗೆ ಬಂತು. ಹಿರಿಯರೊಬ್ಬರು ಮೆಲ್ಲಗೆ "ಆ ಒಂದು ಚುಕ್ಕೆ ಒರೆಸಿಬಿಡು ತಾಯಿ, ಪದ್ಧತಿ" ಎಂದರು. ತಲೆಯಾಡಿಸಿದೆ. ಕನ್ನಡಕದ ಡಬ್ಬಿ ತೆರೆದು, ಬಿಳಿ ಬಣ್ಣ ಕಲಸಿ, ಉಸಿರು ಬಿಗಿಹಿಡಿದು ಅಪ್ಪನ ಎಡಗಣ್ಣಿಗೆ ಚುಕ್ಕೆ ಇಟ್ಟೆ. ನನ್ನ ಕೈ ಅದುರಲಿಲ್ಲ. "ಬಂದೆ ಅಪ್ಪಾ" ಎಂದೆ, ಅಷ್ಟು ಜನರ ಮುಂದೆ, ಗಟ್ಟಿಯಾಗಿ.

ದ್ಯಾವೀರಮ್ಮ ಹಾರ ತಂದಿದ್ದಳು. ಹತ್ತಿರ ಬಂದು ಆ ಎರಡು ಕಣ್ಣುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಎತ್ತಿದ್ದ ಕೈಗಳನ್ನು ನಿಧಾನಕ್ಕೆ ಇಳಿಸಿದಳು. ಆಮೇಲೆ ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ, ಹಾರವನ್ನು ಮಡಿಲಲ್ಲಿಟ್ಟುಕೊಂಡು ಕೂತಳು.