ಮೂಲ ಸಮೇತ

ಕೊರೊನಾದ ಎರಡನೇ ಅಲೆಗೆ ಯಲಹಂಕದ ಒಂದು ವಿಶ್ವವಿದ್ಯಾಲಯ ಬಾಗಿಲು ಹಾಕಿತ್ತು. ಅಲ್ಲಿನ ಗ್ರಂಥಪಾಲಕಿ ಶಾಂತಲಾ ಜಾಲಹಳ್ಳಿಯ ಮನೆಯಿಂದಲೇ ಆನ್‌ಲೈನ್ ಪಾಠ ಮಾಡುತ್ತಿದ್ದಳು: ಸುದ್ದಿ ನಿಜವೋ ಸುಳ್ಳೋ ಪತ್ತೆ ಹಚ್ಚುವುದು ಹೇಗೆ. ಅರವತ್ತು ವಿದ್ಯಾರ್ಥಿಗಳಲ್ಲಿ ಒಬ್ಬರೂ ಕ್ಯಾಮೆರಾ ಹಾಕಿರಲಿಲ್ಲ. ಅವಳಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು.

ಪರದೆಯ ಮೇಲೆ ಒಂದು ವಾಟ್ಸಾಪ್ ಸಂದೇಶ ತೋರಿಸಿದಳು: ಕರ್ಪೂರ, ಓಮಿನ ಕಾಳಿನ ಗಂಟು ಮೂಸಿದರೆ ಆಕ್ಸಿಜನ್ ಏರುತ್ತದೆ.

“ಓದೋದೂ ಇಲ್ಲ, ಕೇಳೋದೂ ಇಲ್ಲ, ಬಂದದ್ದನ್ನೆಲ್ಲ ಫಾರ್ವರ್ಡ್ ಮಾಡ್ತೀರಲ್ಲ, ನಾಚ್ಕೆ ಆಗಲ್ವಾ? ಇದು ನಿಮಗೆ ಎಲ್ಲಿಂದ ಬಂತು? ಮೂಲ ಸಮೇತ ಹೇಳಿ!”

ಚಿಕ್ಕಬಾಣಾವರದ ಬಾಲರಾಜ್ ಮೈಕ್ ಆನ್ ಮಾಡಿದ. “ನಿಮ್ಮಿಂದ್ಲೇ ಮೇಡಂ. ಏಪ್ರಿಲ್ ಹದಿನಾರು, ನಮ್ಮ ಕ್ಲಾಸ್ ಗ್ರೂಪಲ್ಲಿ.”

ಆಫೀಸಿನ ಗ್ರೂಪಿಗೆ ಬಂದದ್ದನ್ನೆಲ್ಲ ವಿದ್ಯಾರ್ಥಿಗಳ ಗ್ರೂಪಿಗೆ ದಾಟಿಸುವುದು ಅವಳ ದಿನದ ಕೆಲಸ. ಇದನ್ನೂ ಕಣ್ಣು ಮುಚ್ಚಿಕೊಂಡು ದಾಟಿಸಿದ್ದಳು.

“ಲೈಬ್ರರಿ ಮೇಡಂ ಕಳ್ಸವ್ರೆ ಅಂತ ನಮ್ಮಮ್ಮ ಎರಡು ದಿನ ಅದನ್ನೇ ಮೂಸ್ಕೊಂಡು ಕೂತ್ಲು. ಉಸಿರು ಕಟ್ತಿದ್ರೂ ಆಸ್ಪತ್ರೆಗೆ ಬರಲ್ಲ ಅಂದ್ಲು.”

ಶಾಂತಲಾ ಪರದೆಯಿಂದ ಆ ಸಂದೇಶ ತೆಗೆದಳು. “ಈಗ... ಹೇಗಿದ್ದಾರಪ್ಪ?”

“ನೀವೇ ಹುಡುಕಿ ಮೇಡಂ,” ಎಂದ ಬಾಲರಾಜ್. “ಮೂಲ ಸಮೇತ.”