ಹೊಳೆಮ್ಮ ಟೀಚರ್ ಕಡಲಿಗೆ ಹೋದದ್ದು

ಹೊಳೆಮ್ಮ ಟೀಚರ್ ಕಾಲುವೆಯಲ್ಲಿ ಈಜುವುದನ್ನು ಮೊದಲ ಸಲ ಕಂಡ ದಿನ ಭೀಮವ್ವ ಒಗೆಯುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲೆಯೇ ಬಿಟ್ಟು ಏರಿಯ ಮೇಲೆ ಓಡಿ ಬಂದಿದ್ದಳು.

"ಯಾರು ಬಿದ್ದಾರ್ರೀ ಟೀಚರ? ಸಿಕ್ರೇನು?"

"ಯಾರೂ ಬಿದ್ದಿಲ್ಲಬೇ. ನಾನ ಈಜಾಕತ್ತೀನಿ."

"ಸುಮ್ನ?"

"ಸುಮ್ನ."

ಭೀಮವ್ವ ನಂಬಲಿಲ್ಲ. ನಂಬದಿರುವುದಕ್ಕೆ ಕಾರಣವೂ ಇತ್ತು. ಹೊಳೆಮ್ಮನದು ಹರಿಗೋಲು ಹಾಕುವ ಅಂಬಿಗರ ಮನೆ. ಕಾಲುವೆಗೆ ನೀರು ಬಿಟ್ಟ ಮೇಲೆ ಯಾರಾದರೂ ಕಾಲು ಜಾರಿ ಹೋದರೆ ಹುಡುಕಲು ಕರೆಯುತ್ತಿದ್ದದ್ದು ಅವಳ ಅಪ್ಪನನ್ನು, ಅಪ್ಪ ಹೋದ ಮೇಲೆ ಅಣ್ಣ ಹುಲುಗಪ್ಪನನ್ನು. ಆ ಮನೆಯವರು ತಾಸುಗಟ್ಟಲೆ ನೀರಿನಲ್ಲಿ ಇದ್ದಾರೆಂದರೆ ಯಾರದೋ ಮನೆ ಮುಳುಗಿತೆಂದೇ ಕಂಪ್ಲಿಯ ಜನಕ್ಕೆ ಗೊತ್ತು.

ಹೊಳೆಮ್ಮನಿಗೆ ಆಗ ಮೂವತ್ತೆಂಟು ದಾಟಿತ್ತು. ಮದುವೆಯಾಗಿರಲಿಲ್ಲ. ಕಂಪ್ಲಿಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ಹದಿಮೂರು ವರ್ಷ ಸೀಟಿ ಊದಿದ್ದಳು. ಒಂದು ಬೇಸಿಗೆಯಲ್ಲಿ ಬೆಂಗಳೂರಿನ ತರಬೇತಿಗೆ ಹೋದಾಗ ಅಲ್ಲೊಬ್ಬ ಕೋಚ್ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆಯ ವಿಷಯ ಹೇಳಿದರು. ಟ್ರಯಥ್ಲಾನ್ ಎಂಬ ಆ ಹೆಸರನ್ನು ಅವಳು ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಬಾಯಲ್ಲೇ ಹೊರಳಿಸುತ್ತ ಬಂದಳು. ಈಜು ಹುಟ್ಟಿನಿಂದ ಬಂದದ್ದು. ಓಟ ನೌಕರಿ ಕೊಡಿಸಿದ್ದು. ಸೈಕಲ್ಲೊಂದೇ ಬಾಕಿ ಇತ್ತು. ಹಂಪಿಯ ಹೊಳೆಯಾಚೆ ಆರು ತಿಂಗಳು ಇದ್ದ ವಿದೇಶಿಯೊಬ್ಬ ಹೋಗುವಾಗ ಹುಲುಗಪ್ಪನಿಗೆ ಬಿಟ್ಟುಹೋಗಿದ್ದ ಗೇರ್ ಸೈಕಲ್ ಅವನ ಮನೆಯ ಹಿಂದೆ ತುಕ್ಕು ಹಿಡಿಯುತ್ತ ಬಿದ್ದಿತ್ತು. ಅದನ್ನು ಎತ್ತಿಕೊಂಡು ಬಂದಳು.

ಅಲ್ಲಿಂದ ಮುಂದೆ ಮೂರು ವರ್ಷ ಅವಳ ಭಾನುವಾರಗಳು ಒಂದೇ ಥರ ಕಳೆದವು. ಹೊಸಪೇಟೆ, ಗಾದಿಗನೂರು, ತೋರಣಗಲ್ಲು, ಅಲ್ಲಿಂದ ಸಂಡೂರಿನ ಏರು. ಅದಿರಿನ ಲಾರಿಗಳು ಪಕ್ಕದಲ್ಲಿ ಹಾದಾಗ ಕೆಂಪು ಧೂಳು ಹಲ್ಲಿನ ಸಂದಿಗೂ ಸೇರುತ್ತಿತ್ತು. ಡ್ರೈವರುಗಳು ಮೊದಮೊದಲು ಹಾರ್ನ್ ಹೊಡೆದು ನಕ್ಕರು, ಆಮೇಲೆ ನಗುವುದನ್ನೂ ಬಿಟ್ಟರು. ಜೊತೆಗೆ ಬರುವವರು ಯಾರೂ ಇರಲಿಲ್ಲ. ಎಷ್ಟು ಹೊತ್ತಿಗೆ ಹೋದೆ, ಎಷ್ಟು ಹೊತ್ತಿಗೆ ಬಂದೆ ಎಂದು ಕೇಳುವವರೂ ಇರಲಿಲ್ಲ. ಇವತ್ತು ಏರಿನಲ್ಲಿ ಒಮ್ಮೆಯೂ ಇಳಿಯಲಿಲ್ಲ ಎಂಬ ಖುಷಿಯನ್ನು ಬಾಡಿಗೆ ಕೋಣೆಗೆ ತಂದು, ಅನ್ನಕ್ಕಿಟ್ಟು, ಗೋಡೆ ನೋಡುತ್ತ ಉಣ್ಣುತ್ತಿದ್ದಳು.

ಪುಣೆಯ ಹತ್ತಿರದ ಒಂದು ಜಲಾಶಯದಲ್ಲಿ ಆಯ್ಕೆ ಸ್ಪರ್ಧೆ ನಡೆಯಿತು. ಹೆಂಗಸರು ಮೂವರೇ. ಅವರಲ್ಲಿ ಗುರಿ ಮುಟ್ಟಿದವಳು ಹೊಳೆಮ್ಮ ಒಬ್ಬಳೇ. ಎರಡು ತಿಂಗಳ ಮೇಲೆ ಶಾಲೆಯ ವಿಳಾಸಕ್ಕೆ ಇಂಗ್ಲಿಷಿನ ಕಾಗದ ಬಂತು. ಹೆಡ್‌ಮಿಸ್ ಸುವರ್ಣಮ್ಮ ಅದನ್ನು ಎರಡು ಸಲ ಓದಿದರು.

"ವರ್ಲ್ಡ್ ಚಾಂಪಿಯನ್‌ಶಿಪ್ ಅಂತ ಬರದಾರಲ್ರೀ! ಯುರೋಪಿಗೆ! ಟಿಕೆಟ್ ಅವರಽ ಕಳಸ್ತಾರಂತ. ಹೊಳೆಮ್ಮ, ಯಾರ್ರೀ ನಿಮಗ ಇದನ್ನ ಕಲಿಸಿದವ್ರು?"

"ಯಾರೂ ಇಲ್ರೀ ಮೇಡಂ," ಎಂದಳು ಹೊಳೆಮ್ಮ.

ಜೊತೆಗೆ ಬರಬೇಕಿದ್ದ ಪುಣೆಯ ಕಡೆಯ ಮ್ಯಾನೇಜರಿಗೆ ವೀಸಾ ಸಿಗಲಿಲ್ಲ. ಸೈಕಲ್ಲನ್ನು ಬಿಚ್ಚಿ ಗೋಣಿಚೀಲದಲ್ಲಿ ಹೊಲಿದುಕೊಂಡು ಅವಳು ಒಬ್ಬಳೇ ಹೋದಳು.

ಕಡಲನ್ನು ಅವಳು ನೋಡಿದ್ದೇ ಆಗ. ಸ್ಪರ್ಧೆಯ ಮುಂಜಾನೆ ಏಳಕ್ಕೆ ಏಳೆಂಟು ನೂರು ಜನ ದಂಡೆಯಲ್ಲಿ ನಿಂತಿದ್ದರು. ನಾಲ್ಕು ಕಿಲೋಮೀಟರ್ ಈಜು, ನೂರಿಪ್ಪತ್ತು ಸೈಕಲ್, ಮೂವತ್ತು ಓಟ. ಸಂಜೆ ಆರರೊಳಗೆ ಮುಗಿಸಬೇಕು. ಎಲ್ಲರೂ ಮೈಗಂಟುವ ಕಪ್ಪು ರಬ್ಬರಿನ ಉಡುಪು ತೊಟ್ಟಿದ್ದರು. ಇವಳ ಮೈಮೇಲೆ ಹೊಸಪೇಟೆಯ ದರ್ಜಿ ಹೊಲಿದುಕೊಟ್ಟ ಈಜುಡುಪು. ತೋಳಿನ ಮೇಲೆ ನಂಬರ್ ಬರೆದ ಹೆಂಗಸು ಏನೋ ಕೇಳಿದಳು. ಹೊಳೆಮ್ಮನಿಗೆ ತಿಳಿಯಲಿಲ್ಲ, ನಕ್ಕಳು. ಆ ದಿನ ಅವಳು ಆಡಿದ ಮಾತು ಅಷ್ಟೇ.

ನೀರು ಕೊರೆಯುತ್ತಿತ್ತು. ಮೊದಲ ಅರ್ಧ ತಾಸು ಒದೆತ, ಮೊಣಕೈ, ನೊರೆ. ಆಮೇಲೆ ಮುಂದಿನವರು ಮುಂದೆ ಹೋದರು. ತಲೆ ಎತ್ತಿ ನೋಡಿದರೆ ದಂಡೆ ಒಂದು ಗೆರೆಯಷ್ಟೇ ಉಳಿದಿತ್ತು. ಹೊಳೆಯಾದರೆ ಎಷ್ಟೇ ತುಂಬಿದರೂ ಆಚೆ ದಡ ಎಂಬುದೊಂದು ಇರುತ್ತದೆ. ಇಲ್ಲಿ ಆಚೆ ಏನೂ ಇರಲಿಲ್ಲ. ಕಣ್ಣು ಮುಚ್ಚಿ ಕೈ ಬೀಸಿದ್ದನ್ನು ಎಣಿಸುತ್ತ ಈಜಿದಳು. ಮತ್ತೆ ಕಾಲಿಗೆ ಮರಳು ತಾಕಿದಾಗ ಹಿಂದೆ ಇನ್ನೂ ನೂರು ಜನ ಇದ್ದರು.

ಕೆಟ್ಟದ್ದು ಬೆಟ್ಟದ ದಾರಿಯಲ್ಲಿ. ಐವತ್ತನೆಯ ಕಿಲೋಮೀಟರಿಗೆ ಹಿಂದಿನ ಗಾಲಿ ಪಂಕ್ಚರ್ ಆಯಿತು. ಟ್ಯೂಬ್ ಬದಲಿಸಿದಳು. ಎಂಟು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋಯಿತು. ಬೇರೆ ಟ್ಯೂಬ್ ಇರಲಿಲ್ಲ. ರಸ್ತೆ ಪಕ್ಕದಲ್ಲಿ ಕುಳಿತು, ತೂತು ಹುಡುಕಿ, ತೇಪೆ ಹಚ್ಚಿ, ಅಂಟು ಒಣಗಲೆಂದು ಊದುತ್ತ ಕೂತಳು. ಆ ನೂರು ಜನ ಒಬ್ಬೊಬ್ಬರಾಗಿ ದಾಟಿ ಹೋದರು. ಕೊನೆಯವನೂ ತಿರುವಿನಲ್ಲಿ ಮರೆಯಾದ ಮೇಲೆ ಬೆಟ್ಟದಲ್ಲಿ ಸದ್ದೇ ಇಲ್ಲವಾಯಿತು. ಇಲ್ಲಿ ತಾನು ಸತ್ತರೆ ಹೆಸರು ಹಿಡಿದು ಕೂಗುವವರು ಒಬ್ಬರಿಲ್ಲ ಎಂದು ಅವಳಿಗೆ ಅನ್ನಿಸಿತು. ಅಳು ಬಂತು. ಅಳುತ್ತಲೇ ಗಾಲಿ ಕೂಡಿಸಿ ಹತ್ತಿದಳು.

ಓಟದ ದಾರಿ ಕಡಲ ಪಕ್ಕದಲ್ಲೇ ಇತ್ತು. ಅವಳು ಇಪ್ಪತ್ತು ಕಿಲೋಮೀಟರ್ ಮುಟ್ಟುವಷ್ಟರಲ್ಲಿ ನೋಡುವ ಜನ ಕರಗಿದ್ದರು. ನೀರು ಕೊಡುವ ಮೇಜುಗಳನ್ನು ಮಡಚುತ್ತಿದ್ದರು. ಮುಂದೊಂದು ಕಡೆ ಕೂಲಿಯವನೊಬ್ಬ ದಾರಿಯ ಬದಿಗೆ ನಿಲ್ಲಿಸಿದ್ದ ಕಬ್ಬಿಣದ ಬೇಲಿಗಳನ್ನು ಲಾರಿಗೆ ಏರಿಸುತ್ತಿದ್ದ. ಇವಳು ಬರುವುದನ್ನು ಕಂಡು ಎತ್ತಿದ್ದನ್ನು ಇಳಿಸಿ, ಮತ್ತೆ ಇದ್ದ ಜಾಗದಲ್ಲಿ ನಿಲ್ಲಿಸಿ, ಅವಳು ದಾಟುವವರೆಗೆ ಟೋಪಿ ತೆಗೆದು ನಿಂತ.

ಅವಳು ಗುರಿ ಮುಟ್ಟಿದಾಗ ಗಡಿಯಾರ ಆರು ದಾಟಿ ಒಂಬತ್ತು ನಿಮಿಷ ತೋರಿಸುತ್ತಿತ್ತು. ಹೆಂಗಸೊಬ್ಬಳು ಟವೆಲ್ ಹೊದಿಸಿ ಬೆನ್ನು ಸವರಿದಳು. ಪದಕದ ಪೆಟ್ಟಿಗೆಗಳಿಗೆ ಆಗಲೇ ಮುಚ್ಚಳ ಬಿದ್ದಿತ್ತು. ಮರುದಿನ ಅಂಟಿಸಿದ ಪಟ್ಟಿಯಲ್ಲಿ ಹೊಳೆಮ್ಮನ ಹೆಸರು ಮುಗಿಸದವರ ಸಾಲಿನಲ್ಲಿತ್ತು. 'ಮುಗಿಸೀನಲ್ಲ' ಎಂದು ಅವಳು ಪಟ್ಟಿಯ ಮುಂದೆ ನಿಂತು ಕನ್ನಡದಲ್ಲೇ, ತನ್ನಷ್ಟಕ್ಕೆ ಅಂದುಕೊಂಡಳು.

ಶಾಲೆಯಲ್ಲಿ ಹಾರ ಹಾಕಿದರು. ಎರಡು ಮಾತು ಆಡಿರೆಂದು ಸುವರ್ಣಮ್ಮ ಮೈಕಿನ ಮುಂದೆ ನಿಲ್ಲಿಸಿದರು. "ಒಂಬತ್ತು ನಿಮಿಷ ತಡ ಆತು," ಎಂದು ಹೇಳಿ ಹೊಳೆಮ್ಮ ಇಳಿದಳು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಮಕ್ಕಳಿಗೆ ಗೊತ್ತಾಗಲಿಲ್ಲ. ಆ ವಾರ ಕೇಳಿದವರೆಲ್ಲ ಕೇಳಿದ್ದು ಒಂದೇ: ಎಷ್ಟನೇ ನಂಬರ್ ಬಂದ್ರಿ?

ಶನಿವಾರ ಮಧ್ಯಾಹ್ನ ಅವಳು ತಳವಾರಘಟ್ಟಕ್ಕೆ, ಅಣ್ಣ ಹರಿಗೋಲು ಹಾಕುವ ಕಡವಿಗೆ ಹೋದಳು. ಹುಲುಗಪ್ಪ ಬಂಡೆಯ ನೆರಳಿನಲ್ಲಿ ಬೀಡಿ ಸೇದುತ್ತ ಕೂತಿದ್ದ. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

"ಗೆಲ್ಲಲಿಲ್ಲಂತಲ್ಲ."

"ಇಲ್ಲಣ್ಣ."

ಅವನು ತಂಗಿಯ ಕಡೆ ತಿರುಗಿದ.

"ಉಪ್ಪುನೀರಾಗ ಮೈ ತಾನ ತೇಲ್ತೈತಂತ ಅಪ್ಪ ಹೇಳ್ತಿದ್ದ. ಖರೇನೇನು?"

ಹೊಳೆಮ್ಮನಿಗೆ ಒಮ್ಮೆಲೇ ಮಾತು ಬಂತು. "ಖರೇ ಅಣ್ಣ. ಭಾಳ ಹಗುರ. ಕಾಲು ತಾವ ಮ್ಯಾಲೆ ಬರ್ತಾವ, ಒದೆಯೋದ ಬ್ಯಾಡ. ಆದ್ರ ದಡ ಇಲ್ಲಣ್ಣ. ಎಷ್ಟು ನೋಡಿದ್ರೂ ದಡ ಇಲ್ಲ."

"ಅಂಜಿದೆ?"

"ಅಂಜಿದೆ. ಕಣ್ಣು ಮುಚ್ಚಿಕೊಂಡೆ."

"ಹೂಂ. ಅಪ್ಪನೂ ನೆರೆ ನೀರಾಗ ಕಣ್ಣು ಮುಚ್ಚತಿದ್ದ. ಯಾರಿಗೂ ಹೇಳ್ತಿರಲಿಲ್ಲ. ಆಮ್ಯಾಲೆ?"

ಅವಳು ಹೇಳುತ್ತ ಹೋದಳು. ನೀರಿನ ಬಣ್ಣ, ಕೊರೆತ, ಬಾಯಿಗೆ ಬಂದ ಉಪ್ಪು, ಕಾಲಿಗೆ ತಾಕಿದ ಮರಳು. ಹುಲುಗಪ್ಪನ ಬೀಡಿ ಆರಿಹೋಗಿತ್ತು, ಮತ್ತೆ ಹಚ್ಚಲಿಲ್ಲ. ಅವಳು ಸೈಕಲ್ ಹತ್ತಿದ ಮಾತಿಗೆ ಬರುತ್ತಿದ್ದಂತೆ ಆನೆಗೊಂದಿಗೆ ಹೋಗುವ ಐದಾರು ಜನ ಬುಟ್ಟಿ, ಚೀಲ ಹೊತ್ತು ಮೆಟ್ಟಿಲಿಳಿದು ಬಂದು ಕೂಗಿದರು.

"ತಡಿ, ಇವ್ರನ್ನ ಬಿಟ್ಟು ಬರ್ತೀನಿ," ಎಂದು ಹುಲುಗಪ್ಪ ಎದ್ದ.

ಜನರನ್ನು ಕೂರಿಸಿಕೊಂಡು ಹುಟ್ಟು ಹಾಕಿದ. ಹರಿಗೋಲು ಗರಗರನೆ ಒಂದು ಸುತ್ತು ತಿರುಗಿ ನಡುಹೊಳೆಗೆ ಹೋಯಿತು. ಹೊಳೆಮ್ಮ ಬಂಡೆಯ ಮೇಲೆ ಕುಳಿತು ಬೆಟ್ಟದ ದಾರಿಯನ್ನು ಎಲ್ಲಿಂದ ಶುರು ಮಾಡಬೇಕೆಂದು ಯೋಚಿಸಿದಳು. ಆಚೆ ದಡದಲ್ಲಿ ಅಣ್ಣನಿಗಾಗಿ ಆಗಲೇ ಇನ್ನಷ್ಟು ಜನ ಕಾದು ನಿಂತಿದ್ದರು.